ನೆಲಮಾಳಿಗೆಯ ವಿಜ್ಞಾನಸಭೆ

ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು, ಪ್ರಬಂಧಗಳನ್ನೋದಿ ಚರ್ಚಿಸುವುದನ್ನು ನಾವು ಇಂದು ಕಾಣುತ್ತೇವೆ. ಈ ಪದ್ಧತಿಗೆ ದೀರ್ಘವಾದ ಪರಂಪರೆಯುಂಟು. 1823ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಥಾಪಿತವಾದ ಪ್ಲಿನಿಯನ್ ಸಂಘದ ವಿದ್ಯಾರ್ಥಿಗಳು ನೆಲಮಾಳಿಗೆಯ ಕೋಣೆಯೊಂದರಲ್ಲಿ ಸೇರುತ್ತಿದ್ದರು.

1827ರ ಮಾರ್ಚ್ 27ರಂದು, 18 ವರ್ಷದ ವೈದ್ಯವಿದ್ಯಾರ್ಥಿ ಚಾರ್ಲ್ಸ್ ಡಾರ್ವಿನ್ ಅಲ್ಲಿ ತನ್ನ ಮೊದಲ ಶೋಧಗಳನ್ನು ಸಭೆಯ ಮುಂದಿಟ್ಟನು. ಫ್ಲಸ್ಟ್ರವೆಂಬ ಕಡಲಜೀವಿಯ ‘ಮೊಟ್ಟೆ’ಗಳು ಸೂಕ್ಷ್ಮರೋಮಗಳಿಂದ ಚಲಿಸಬಲ್ಲವು, ಕಡಲಪಾಚಿಯ ಎಳೆಯ ರೂಪವೆಂದು ಎಣಿಸಿದ್ದ ಕರಿಯ ಗುಂಡುಗಳು ವಾಸ್ತವವಾಗಿ ಕಡಲಜಿಗಣೆಯ ಮೊಟ್ಟೆಗಳು.

ಅದೇ ಸಂಜೆ ವಿಲಿಯಂ ಬ್ರೌನ್ ಎಂಬ ವಿದ್ಯಾರ್ಥಿ, ಮನಸ್ಸೂ ಭೌತಿಕವೇ ಎಂದು ವಾದಿಸಿದನು. ಆ ಮಾತುಗಳನ್ನು ಕಲಾಪದ ಪುಸ್ತಕದಲ್ಲಿ ಗೀಟೆಳೆದು ಹೊಡೆದುಹಾಕಲಾಯಿತು. ಆದರೂ ಪ್ರಶ್ನೆ ಅಳಿಯಲಿಲ್ಲ.

ತಿಳಿದುದನ್ನು ಕಲಿಸಲು ತರಗತಿಯುಂಟು. ತಿಳಿಯದುದನ್ನು ನಿರ್ಭಯವಾಗಿ ಕೇಳುವ ಎಡೆಯನ್ನು ವಿದ್ಯಾರ್ಥಿಗಳು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ.