ಕನ್ನಂಬಾಡಿ ನೀರಿನ ನಿಜವಾದ ಬೆಲೆ

ಕಾವೇರಿಯ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) 124.80 ಅಡಿ ಮುಟ್ಟಿತೆಂದರೆ ಮಂಡ್ಯ ಸೀಮೆಯಲ್ಲಿ ಆ ವರ್ಷದ ಚಿಂತೆ ಕಳೆದಂತೆ. ಆಗ ಅದರಲ್ಲಿರುವುದು 49.45 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಕಟ್ಟೆ ಹೀಗೆ ತುಂಬಿ ತುಳುಕುತ್ತಿದ್ದಾಗಲೂ ಅರ್ಥಶಾಸ್ತ್ರ ಆ ನೀರನ್ನು ವಿರಳ ಎಂದೇ ಎಣಿಸುತ್ತದೆ.

ಏಕೆಂದರೆ ಇಲ್ಲಿ ವಿರಳತೆ ಎಂದರೆ ಬರ ಅಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಲಯೊನೆಲ್ ರಾಬಿನ್ಸ್ 1932ರಲ್ಲಿ ಇದನ್ನು ಸ್ಪಷ್ಟಪಡಿಸಿದರು: ಬೇಕುಗಳು ಹಲವು, ಅವನ್ನು ಪೂರೈಸುವ ಸಾಧನ ಮಿತ, ಆ ಸಾಧನಕ್ಕೋ ಒಂದಕ್ಕಿಂತ ಹೆಚ್ಚು ಉಪಯೋಗ. ಕಾವೇರಿ ನೀರನ್ನು ಗದ್ದೆಗೂ ಹಾಯಿಸಬಹುದು, ಬೆಂಗಳೂರಿನ ನಲ್ಲಿಗೂ ಏರಿಸಬಹುದು, ತಮಿಳುನಾಡಿಗೂ ಬಿಡಬೇಕು. ಒಂದು ಕಡೆ ಹರಿದದ್ದು ಇನ್ನೊಂದು ಕಡೆಗೆ ಸಿಗದು. ಹೀಗೆ ಬಿಟ್ಟುಕೊಟ್ಟ ಉಪಯೋಗಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಆರಿಸಿಕೊಂಡದ್ದರ ನಿಜವಾದ ಬೆಲೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಅವಕಾಶ ವೆಚ್ಚ ಎಂಬ ಹೆಸರಿದೆ.

ಒಂದೆಕರೆ ಕಬ್ಬನ್ನೇ ನೋಡೋಣ. ಬೆಳೆ ಕೈಗೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಮಳೆ, ನಾಲೆ ಎರಡೂ ಸೇರಿ ಸುಮಾರು 2,000 ಮಿಲಿಮೀಟರ್ ನೀರು ಕುಡಿಯುತ್ತದೆಂದು ಇಟ್ಟುಕೊಂಡರೆ ಎಕರೆಗೆ ಎಂಬತ್ತು ಲಕ್ಷ ಲೀಟರ್ ಆಯಿತು. ನಾಲ್ಕು ತಿಂಗಳ ರಾಗಿಗೆ ಅದರ ನಾಲ್ಕರಲ್ಲೊಂದು ಪಾಲೋ ಐದರಲ್ಲೊಂದು ಪಾಲೋ ಸಾಕು. ಹಾಗಿದ್ದೂ ರೈತ ಕಬ್ಬನ್ನೇ ನಾಟಿ ಮಾಡಿದರೆ ಅದನ್ನು ಅವಿವೇಕ ಎನ್ನಲಾಗದು. ಕಬ್ಬಿಗೆ ಕಾರ್ಖಾನೆಯಿದೆ, ಸರ್ಕಾರ ಗೊತ್ತುಮಾಡಿದ ದರವಿದೆ, ಒಮ್ಮೆ ನೆಟ್ಟರೆ ಮುಂದಿನ ವರ್ಷ ಕೂಳೆ ಬೆಳೆಯೂ ಸಿಗುತ್ತದೆ. ನೀರಿನ ಕರ ನಿಗದಿಯಾಗುವುದು ಎಕರೆ ಮತ್ತು ಬೆಳೆಯ ಲೆಕ್ಕದಲ್ಲಿ. ಎಷ್ಟು ಲೀಟರ್ ಹರಿಯಿತು ಎಂದು ಯಾರೂ ಕೇಳುವುದಿಲ್ಲ. ಉಳಿಸಿದ ನೀರಿನಿಂದ ಅವನಿಗೆ ಒಂದು ಕಾಸೂ ಹುಟ್ಟುವುದಿಲ್ಲ.

ನನ್ನ ಮಟ್ಟಿಗೆ ವಿಷಯದ ತಿರುಳು ಇರುವುದು ಇಲ್ಲೇ. ಆಯ್ಕೆ ಮಾಡುವವರು ಒಬ್ಬರು, ಅದರ ವೆಚ್ಚ ಹೊರುವವರು ಮತ್ತೊಬ್ಬರು. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ಗದ್ದೆ ತುಂಬಿ ಹರಿದ ನೀರಿನ ಬೆಲೆಯನ್ನು ತೆರುವವರು ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತರು. ಸರದಿಯಂತೆ ಬಿಡುವ ಕಟ್ಟು ನೀರು ಅವರ ತೂಬಿಗೆ ಬರುವ ಹೊತ್ತಿಗೆ ಪೈರು ಒಣಗಿರುತ್ತದೆ. 2023ರಂತೆ ಮುಂಗಾರು ಕೈಕೊಟ್ಟು ಕಟ್ಟೆ ತುಂಬದ ವರ್ಷದಲ್ಲಂತೂ ಈ ಅಂತರ ಎದ್ದು ಕಾಣುತ್ತದೆ.

ಆ ನಾಲೆಗೆ ಹೆಸರಾದ ಎಂಜಿನಿಯರ್ ವಿಶ್ವೇಶ್ವರಯ್ಯನವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಮುಂಬಯಿ ಪ್ರಾಂತ್ಯದ ನೀರಾ ನಾಲೆಯಲ್ಲಿ ಅವರು ಬ್ಲಾಕ್ ಪದ್ಧತಿ ತಂದಿದ್ದರು. ಒಂದೇ ಊರು ಕಬ್ಬಿಗೆಂದು ನೀರನ್ನೆಲ್ಲ ಹೀರದಂತೆ, ಹೆಚ್ಚು ಹಳ್ಳಿಗಳಿಗೆ ಹಂಚಿ, ಬೆಳೆಗಳನ್ನು ಸರದಿಯಂತೆ ಬದಲಿಸುವ ಏರ್ಪಾಡು ಅದು. ಅದರಲ್ಲಿ ಆಯ್ಕೆ ಮಾಡುತ್ತಿದ್ದದ್ದು ನಿಯಮ. ಇಂದು ರೈತನಿಗೆ ಇದೇ ಬೆಳೆ ಹಾಕು ಎಂದು ಆಜ್ಞೆ ಮಾಡುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ. ಅದರ ಬದಲು ತೂಬಿನಲ್ಲೇ ನೀರು ಅಳೆದು ನೀರು ಬಳಕೆದಾರರ ಸಂಘಕ್ಕೆ ಇಂತಿಷ್ಟು ಎಂದು ಒಪ್ಪಿಸಿ, ಉಳಿಸಿದ್ದರ ಲಾಭ ಆ ಸಂಘದ ರೈತರಿಗೇ ಸೇರುವಂತೆ ಮಾಡಬಹುದು. ರಾಗಿಗೂ ಕಬ್ಬಿನಷ್ಟೇ ಭರವಸೆಯ ಖರೀದಿ ಇದ್ದರೆ, ಎಕರೆಗೆ ಎಂಬತ್ತು ಲಕ್ಷ ಲೀಟರ್ ಎಂಬ ಲೆಕ್ಕ ರೈತನ ಲೆಕ್ಕವೂ ಆಗುತ್ತದೆ.