ಬೆಳಗು ಮುಂಚೆ, ಗಡಿಯಾರ ಹಿಂದೆ

ಡಿಸೆಂಬರಿನಲ್ಲಿ ಅಸ್ಸಾಮಿನ ಡಿಬ್ರೂಗಢದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿರುತ್ತದೆ. ಆ ಗಳಿಗೆಯಲ್ಲಿ ಗುಜರಾತಿನ ಕಛ್‌ನಲ್ಲಿ ಬಿಸಿಲಿರುತ್ತದೆ; ಅಲ್ಲಿ ಸೂರ್ಯಾಸ್ತಕ್ಕೆ ಇನ್ನೂ ಒಂದೂವರೆ ಗಂಟೆಗಿಂತ ಹೆಚ್ಚು ಬಾಕಿ. ಎರಡೂ ಕಡೆ ಗೋಡೆ ಗಡಿಯಾರ ತೋರಿಸುವುದು ಮಾತ್ರ ಒಂದೇ ಸಮಯ.

ಭೂಮಿ ತನ್ನ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಾಗಿ ಮೂಡಣ ದಿಕ್ಕಿನ ಊರು ಮೊದಲು ಬೆಳಕಿಗೆ ಬರುತ್ತದೆ, ಮೊದಲು ಕತ್ತಲಿಗೂ ಸರಿಯುತ್ತದೆ. 24 ಗಂಟೆಗೆ 360 ಡಿಗ್ರಿ. ಅಂದರೆ ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ಕೋಲಾರಕ್ಕೂ ಕಾರವಾರಕ್ಕೂ ಸುಮಾರು 4 ಡಿಗ್ರಿ ಅಂತರವಿದೆ. ಕೋಲಾರದಲ್ಲಿ ಸೂರ್ಯ ಹುಟ್ಟಿ ಹೆಚ್ಚುಕಡಿಮೆ ಕಾಲು ಗಂಟೆಯಾದ ಮೇಲೆ ಕಾರವಾರದಲ್ಲಿ ಹುಟ್ಟುತ್ತಾನೆ. ಪಂಚಾಂಗದವರು ಊರೂರಿಗೆ ಬೇರೆ ಬೇರೆ ಸೂರ್ಯೋದಯ ಕಾಲ ಕೊಡುವುದು ಇದಕ್ಕೇ.

ಇದು ಹೊಸ ತಿಳಿವಳಿಕೆಯಲ್ಲ. ಐದನೆಯ ಶತಮಾನದ ಕೊನೆಯ ಹೊತ್ತಿಗೇ ಆರ್ಯಭಟ ನಾಲ್ಕು ಊರುಗಳನ್ನು ಭೂಮಧ್ಯರೇಖೆಯ ಮೇಲೆ ಕಾಲು ಸುತ್ತಿಗೊಂದರಂತೆ ಇರಿಸಿ ಲೆಕ್ಕ ಹೇಳಿದ್ದ. ಲಂಕೆಯಲ್ಲಿ ಸೂರ್ಯೋದಯವಾದಾಗ ಪೂರ್ವದ ಯವಕೋಟಿಯಲ್ಲಿ ನಡುಮಧ್ಯಾಹ್ನ, ಸಿದ್ಧಪುರದಲ್ಲಿ ಸೂರ್ಯಾಸ್ತ, ಪಶ್ಚಿಮದ ರೋಮಕದಲ್ಲಿ ನಡುರಾತ್ರಿ. ದೂರವಾಣಿಯಿಲ್ಲ, ನಿಖರ ಗಡಿಯಾರವಿಲ್ಲ. ತಾನು ಎಂದೂ ಕಾಣದ ಕಡೆ ಈ ಕ್ಷಣ ರಾತ್ರಿಯಿದೆ ಎಂದು ಬರಿಯ ಗಣಿತದ ಬಲದಿಂದ ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು!

ಊರಿಗೊಂದು ಸಮಯವಿದ್ದಾಗ ಯಾರಿಗೂ ತೊಂದರೆಯಿರಲಿಲ್ಲ. ರೈಲು ಬಂದಮೇಲೆ ವೇಳಾಪಟ್ಟಿಗಾಗಿ ಒಂದೇ ಸಮಯ ಬೇಕಾಯಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಸಮ್ಮೇಳನ ಗ್ರೀನಿಚ್ ರೇಖೆಯನ್ನು ಸೊನ್ನೆ ರೇಖಾಂಶವೆಂದು ಒಪ್ಪಿತು. ಭಾರತದ ಪ್ರಮಾಣ ಕಾಲ ಜಾರಿಗೆ ಬಂದದ್ದು 1906ರಲ್ಲಿ. ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆ ಅದಕ್ಕೆ ಆಧಾರ. ಕಲ್ಕತ್ತ, ಮುಂಬಯಿ ನಗರಗಳು ಸ್ವಾತಂತ್ರ್ಯ ಬಂದಮೇಲೂ ಕೆಲ ಕಾಲ ತಮ್ಮ ಸಮಯವನ್ನು ಬಿಟ್ಟುಕೊಡಲಿಲ್ಲ.

ದೇಶದ ಅಗಲ ಸುಮಾರು 29 ಡಿಗ್ರಿ, ಹತ್ತಿರಹತ್ತಿರ ಎರಡು ಗಂಟೆ. ಮಿರ್ಜಾಪುರಕ್ಕೆ ಹೊಂದುವ ಗಡಿಯಾರ ಬೆಂಗಳೂರಿಗೆ ಸುಮಾರು 20 ನಿಮಿಷ ಮುಂದಿದ್ದರೂ ನಮಗದು ಗೊತ್ತಾಗುವುದಿಲ್ಲ. ಈಶಾನ್ಯದವರಿಗೆ ಪ್ರತಿದಿನ ಗೊತ್ತಾಗುತ್ತದೆ. ಜೂನ್‌ನಲ್ಲಿ ಅಲ್ಲಿ ನಾಲ್ಕೂವರೆಗೆ ಮುಂಚೆಯೇ ಬೆಳಕು ಹರಿದಿರುತ್ತದೆ. ಕಚೇರಿ ತೆರೆಯುವಷ್ಟರಲ್ಲಿ ಹಗಲು ಸಾಕಷ್ಟು ಸವೆದಿರುತ್ತದೆ. ಚಳಿಗಾಲದಲ್ಲಿ ಕೆಲಸ ಮುಗಿಯುವ ಮೊದಲೇ ದೀಪ ಹಚ್ಚಬೇಕು.

ಅಸ್ಸಾಮಿನ ಚಹಾ ತೋಟಗಳು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿವೆ. ಅಲ್ಲಿ ನಡೆಯುವುದು ‘ಬಾಗಾನ್ ಟೈಮ್’, ದೇಶದ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಬ್ರಿಟಿಷ್ ತೋಟದವರ ಕಾಲದಿಂದ ಬಂದ ರೂಢಿ. ಲಾಭಕ್ಕಾಗಿ ಶುರುವಾಗಿದ್ದರೂ ಸೂರ್ಯನಿಗೆ ಹೊಂದುವ ಲೆಕ್ಕ ಅದೇ.

ದೇಶಕ್ಕೆ ಸಮಯ ಕಾಯುವ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ವಿಜ್ಞಾನಿಗಳೇ 2018ರಲ್ಲಿ ಎರಡು ಸಮಯ ವಲಯಗಳ ಪ್ರಸ್ತಾಪ ಮುಂದಿಟ್ಟರು. ಗಡಿಯಲ್ಲಿ ಗಡಿಯಾರ ಬದಲಾದರೆ ರೈಲುಗಳ ಗತಿಯೇನು ಎಂಬುದು ಹಳೆಯ ಆತಂಕ. ಅದಕ್ಕೂ ಅವರಲ್ಲಿ ಉತ್ತರವಿತ್ತು. ಬಂಗಾಳ ಮತ್ತು ಅಸ್ಸಾಮಿನ ನಡುವಿನ ಕಿರಿದಾದ ಗಡಿಯಲ್ಲಿ ರೇಖೆ ಎಳೆದರೆ ಸಮಯ ಬದಲಿಸಬೇಕಾದ ರೈಲು ನಿಲ್ದಾಣಗಳು ಬೆರಳೆಣಿಕೆಯಷ್ಟೇ. ಪ್ರಸ್ತಾಪ ಜಾರಿಗೆ ಬರಲಿಲ್ಲ. ಒಂದು ದೇಶಕ್ಕೆ ಒಂದೇ ಸಮಯವಿರಲಿ ಎನ್ನುವವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಆ ಒಗ್ಗಟ್ಟಿನ ಬೆಲೆಯನ್ನು ತಮ್ಮ ಹಗಲಿನಿಂದ ತೆರುತ್ತಿರುವವರು ಈಶಾನ್ಯದ ಜನ. ಈ ವಿಷಯದಲ್ಲಿ ಅವರ ಮಾತಿಗೇ ಹೆಚ್ಚು ತೂಕ ಸಿಗಬೇಕು.