ಅಲ್ಪವೆಚ್ಚದಲ್ಲಿ ಎರೆಗೊಬ್ಬರದ ತೊಟ್ಟಿ

ಮುಂಗಾರಿನ ಮೊದಲನೆಯ ಜೋರುಮಳೆ ಸುರಿದ ಮಾರನೆಯ ದಿನ ಯಾವ ಗ್ರಾಮಕ್ಕೆ ಹೋದರೂ, ಬೀದಿಯ ಪಕ್ಕದಲ್ಲಿ ಕಷಾಯದಂತಹ ಕಂದುಬಣ್ಣದ ನೀರು ಹರಿಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಗ್ರಾಮದ ಯಜಮಾನರೂ ಜಮೀನುದಾರರೂ ಇದನ್ನು ವರ್ಷವರ್ಷವೂ ನೋಡತಕ್ಕವರಾದುದರಿಂದ ಇದರಲ್ಲಿ ವಿಶೇಷವನ್ನೇನೂ ಕಾಣರು. ಆದರೆ ಆ ನೀರು ಬರುವುದು ತಿಪ್ಪೆಗಳಿಂದ. ಮನೆಯ ಹೆಂಗಸರು ವರ್ಷವೆಲ್ಲಾ ಹೊತ್ತುಹಾಕಿದ ಸಗಣಿ, ಗಂಜಲ, ಕಸಕಡ್ಡಿಗಳ ಸಾರವು ಹೀಗೆ ಒಂದು ರಾತ್ರಿಯಲ್ಲಿ ಕೆರೆಯ ಪಾಲಾಗುವುದು. ಅದಕ್ಕೆ ಮೊದಲೇ ಬೇಸಗೆಯ ಬಿಸಿಲಿನಲ್ಲಿ ಸಾರಜನಕದ ಒಂದು ಭಾಗವು ಗಾಳಿಗೆ ಸೇರಿಹೋಗಿರುತ್ತದೆ. ಉಳಿದ ಚರಟವನ್ನು ಹೊಲಕ್ಕೆ ಸಾಗಿಸಿ, ಬಳಿಕ ಅದೇ ಯಜಮಾನರು ಯೂರಿಯಾ ಮೂಟೆಗಳಿಗಾಗಿ ಸಾಲವನ್ನು ಮಾಡುವರು.

ತಿಪ್ಪೆಯನ್ನು ಸುಧಾರಿಸುವ ಪ್ರಯತ್ನವು ಹೊಸದೇನೂ ಅಲ್ಲ. ಆಲ್ಬರ್ಟ್ ಹೋವರ್ಡ್ ಎಂಬ ವಿದ್ವಾಂಸರು 1924ರಿಂದ 1931ರವರೆಗಿನ ಕಾಲದಲ್ಲಿ ಇಂದೂರಿನಲ್ಲಿ ಒಂದು ಕ್ರಮವನ್ನು ರೂಪಿಸಿದರು, 1939ರಲ್ಲಿ ಸಿ. ಎನ್. ಆಚಾರ್ಯರು ಬೆಂಗಳೂರು ಪದ್ಧತಿಯನ್ನು ಬಳಕೆಗೆ ತಂದರು. ಮೊದಲನೆಯದರಲ್ಲಿ ರಾಶಿಯನ್ನು ಮತ್ತೆ ಮತ್ತೆ ತಿರುವಿಹಾಕಬೇಕು, ಇದಕ್ಕೆ ಆಳುಗಳು ಬೇಕು. ಎರಡನೆಯದರಲ್ಲಿ ಗುಂಡಿಯ ಮೇಲೆ ಮಣ್ಣನ್ನು ಮೆತ್ತಿ ಆರೆಂಟು ತಿಂಗಳು ಕಾಯಬೇಕು. ಎರೆಹುಳುವಿನ ಪದ್ಧತಿಯಲ್ಲಿ ತಿರುವಿಹಾಕುವ ಆಳು ಹುಳುವೇ ಆಗಿರುವುದರಿಂದ ಕೂಲಿಯೂ ಉಳಿಯುವುದು, ಕಾಲವೂ ಉಳಿಯುವುದು. ಹುಳುಗಳು ಭೂಮಿಯ ಮೇಲ್ಮಣ್ಣನ್ನು ಹೇಗೆ ಸಿದ್ಧಗೊಳಿಸುವುವೆಂಬುದನ್ನು ಚಾರ್ಲ್ಸ್ ಡಾರ್ವಿನ್ನರು 1881ರಲ್ಲಿಯೇ ಒಂದು ಗ್ರಂಥದಲ್ಲಿ ವಿವರಿಸಿದ್ದರು. ನಮ್ಮ ಸೀಮೆಯ ಕಸಕಡ್ಡಿಗೂ ಹವೆಗೂ ಹೊಂದುವಂತೆ ಈ ಕೆಲಸವನ್ನು ನಡೆಸಿ ತೋರಿಸಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ರಾಧಾ ಕಾಳೆಯವರು ಪ್ರಮುಖರು.

ಹೊಲದಲ್ಲಿ ಉಳುವಾಗ ಸಿಕ್ಕುವ ಎರೆಹುಳುಗಳನ್ನೇ ಹಿಡಿದು ತಂದು ಬಿಟ್ಟರಾಗದೆ ಎಂದು ಅನೇಕರು ಕೇಳುವುದುಂಟು. ಆಗದು. ಅವು ಆಳವಾಗಿ ಬಿಲ ತೋಡಿ ಮಣ್ಣನ್ನೇ ಹೆಚ್ಚಾಗಿ ತಿನ್ನುವ ಜಾತಿಯವು, ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ಗೊಬ್ಬರಕ್ಕೆ ಬೇಕಾದುವು ಮೇಲ್ಪದರದಲ್ಲಿಯೇ ಇದ್ದು ಕೊಳೆತ ಕಸವನ್ನು ತಿನ್ನತಕ್ಕ ಜಾತಿಗಳು. ಯೂಡ್ರಿಲಸ್ ಯೂಜೀನಿಯೇ ಎಂಬ ಆಫ್ರಿಕದ ಉದ್ದನೆಯ ಹುಳುವೂ, ಐಸೀನಿಯ ಫೆಟಿಡ ಎಂಬ ಚಿಕ್ಕ ಕೆಂಪು ಹುಳುವೂ ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುವು. ಇವುಗಳಿಗೆ ಶ್ವಾಸಕೋಶವಿಲ್ಲ, ತೇವದ ಚರ್ಮದಿಂದಲೇ ಉಸಿರಾಡುವುವು. ಒಣಗಿದರೂ ಸಾಯುವುವು, ನೀರು ನಿಂತು ಗಾಳಿಯಾಡದಿದ್ದರೂ ಸಾಯುವುವು. ತೊಟ್ಟಿಯ ಕೆಲಸವೆಲ್ಲವೂ ಈ ಎರಡು ಮರಣಗಳಿಂದ ಹುಳುವನ್ನು ಕಾಯುವುದೇ ಆಗಿದೆ.

ಮೂರನೆಯ ಮರಣವೊಂದುಂಟು, ಅದನ್ನು ನಾನು ಕಲಿತುದು ಅವಮಾನದಿಂದ. ಬಹಳ ವರ್ಷಗಳ ಹಿಂದೆ ಒಬ್ಬ ದೊಡ್ಡ ಜಮೀನುದಾರರು ಸಿಮೆಂಟಿನ ಅಂದವಾದ ತೊಟ್ಟಿಯನ್ನು ಕಟ್ಟಿಸಿ ನನ್ನನ್ನು ಕರೆಸಿದರು. ನಾನು ಅವರ ಕೊಟ್ಟಿಗೆಯ ಆ ದಿನದ ಹಸಿ ಸಗಣಿಯನ್ನೂ ಹಸುರು ಸೊಪ್ಪನ್ನೂ ತುಂಬಿಸಿ, ಅಂದೇ ಸಂಜೆ ಹುಳುಗಳನ್ನು ಬಿಡಿಸಿದೆನು. ಮೂರನೆಯ ದಿನ ಹೋಗಿ ನೋಡಲು, ಕೈಯಿಡಲಾಗದಷ್ಟು ಶಾಖ! ಕೆಲವು ಹುಳುಗಳು ಗೋಡೆಯನ್ನು ಹತ್ತಿ ಒಣಗಿದ್ದುವು. ಉಳಿದುವು ಒಳಗೇ ಬೆಂದಿದ್ದುವು. “ಇನ್‌ಸ್ಪೆಕ್ಟರೇ, ಇವುಗಳ ಉತ್ತರಕ್ರಿಯೆಯನ್ನು ಇಲಾಖೆಯವರು ಮಾಡುವರೋ, ನಾವು ಮಾಡಬೇಕೋ?” ಎಂದು ಆ ಯಜಮಾನರು ಕೇಳಿದರು. ನಾನು ಉತ್ತರವಿಲ್ಲದೆ ನಿಂತೆನು. ಆ ತೊಟ್ಟಿಯಲ್ಲಿ ಆಮೇಲೆ ಹಿಂಡಿಯ ಮೂಟೆಗಳನ್ನು ಇಡತೊಡಗಿದರು. ಅದೇ ಗ್ರಾಮದಲ್ಲಿ ಎರಡು ಎಕರೆ ಹೊಲವಿದ್ದ ಒಬ್ಬ ಮುದುಕಿಯು ಮಾತ್ರ, “ಹಸಿ ತಿಪ್ಪೆ ಕಾವು ಕಟ್ಟುತ್ತೆ, ಸ್ವಾಮಿ” ಎಂದು ನನಗೇ ಹೇಳಿ, ಕಸವು ತಣ್ಣಗಾಗುವವರೆಗೂ ಕಾದು, ಬಿದ್ದ ಗೋಡೆಯ ಇಟ್ಟಿಗೆಗಳನ್ನು ಜೋಡಿಸಿ ಗೊಬ್ಬರವನ್ನು ತೆಗೆದಳು. ಕೆಳಗೆ ಹೇಳುವ ಕ್ರಮವು ಬಹುಮಟ್ಟಿಗೆ ಆಕೆಯದೇ.

ನೀರು ನಿಲ್ಲದ ಎತ್ತರದ ಸ್ಥಳವನ್ನು ಮರದ ನೆರಳಿನಲ್ಲಿ ಆರಿಸಿಕೊಳ್ಳಬೇಕು. ನೆಲವನ್ನು ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿ ಮಾಡಿ ಗಟ್ಟಿಯಾಗಿ ದಿಮ್ಮಿಸಿ, ಒಳಗೆ 6 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಎತ್ತರ ಬರುವಂತೆ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಬೇಕು. ಸಾಮಾನ್ಯ ಅಳತೆಯ 160 ಇಟ್ಟಿಗೆಗಳು ಸಾಕು. ಇಟ್ಟಿಗೆಯಿಲ್ಲದವರು ಅಡಕೆ ಮರದ ಸೀಳುಗಳನ್ನಾಗಲಿ ಬಿದಿರ ತಡಿಕೆಯನ್ನಾಗಲಿ ಉಪಯೋಗಿಸಬಹುದು. ಗಾರೆಯಿಲ್ಲದ ಸಂದುಗಳಿಂದ ಗಾಳಿಯಾಡುವುದು. ಬೇಕೆನಿಸಿದಾಗ ಬಿಚ್ಚಿ ಬೇರೆಡೆಗೆ ಒಯ್ಯಲೂಬಹುದು. ಎತ್ತರವನ್ನು ಹೆಚ್ಚಿಸುವ ಆಸೆ ಬೇಡ. ಹೆಚ್ಚಿಸಿದರೆ ಅಡಿಯ ಪದರವು ಗಾಳಿಯಿಲ್ಲದೆ ಹುಳಿತು ನಾರುವುದು. ಮೇಲೆ ನಾಲ್ಕು ಕಂಬ ನೆಟ್ಟು ತೆಂಗಿನ ಗರಿಯ ಚಪ್ಪರ ಹಾಕಿದರೆ ಮಳೆಗೂ ಬಿಸಿಲಿಗೂ ಆಯಿತು.

ತೊಟ್ಟಿಯನ್ನು ಕಟ್ಟುವುದಕ್ಕೆ 20 ದಿನ ಮುಂಚೆಯೇ ಪಕ್ಕದಲ್ಲಿ ಕಸವನ್ನು ರಾಶಿಹಾಕಬೇಕು. ಕಬ್ಬಿನ ರವದಿ, ಉದುರಿದ ಎಲೆ, ಹೊಂಗೆಯ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು, ದನಗಳು ಬಿಟ್ಟ ಮೇವು, ಹೂ ಬಿಡುವುದಕ್ಕೆ ಮೊದಲೇ ಕಿತ್ತ ಪಾರ್ಥೇನಿಯಂ, ಇವೆಲ್ಲವೂ ಆಗುವುವು. ಮೂರು ಪಾಲು ಕಸಕ್ಕೆ ಒಂದು ಪಾಲು ಸಗಣಿಯನ್ನು ಕದಡಿ ಚಿಮುಕಿಸಿ, ವಾರಕ್ಕೊಮ್ಮೆ ತಿರುವಿಹಾಕಿದರೆ ಕಾವೇರಿ ಇಳಿಯುವುದು. ರಾಶಿಯ ನಡುವೆ ಮೊಳಕೈವರೆಗೆ ಕೈತೂರಿಸಿ ನೋಡಿ, ತಣ್ಣಗಿದ್ದರೆ ಮಾತ್ರ ಹುಳುಗಳ ಮಾತು. ಎಣ್ಣೆ, ಉಪ್ಪು, ಮಾಂಸ, ಉಪ್ಪಿನಕಾಯಿ, ನಿಂಬೆಯ ಸಿಪ್ಪೆಗಳನ್ನು ಸೇರಿಸಬಾರದು.

ತೊಟ್ಟಿಯ ತಳದಲ್ಲಿ ಎರಡು ಅಂಗುಲ ಇಟ್ಟಿಗೆಚೂರು ಮತ್ತು ಮರಳು, ಅದರ ಮೇಲೆ ಮೂರು ಅಂಗುಲ ತೆಂಗಿನ ನಾರು ಅಥವಾ ರವದಿ, ಆಮೇಲೆ ಅರೆಕೊಳೆತ ಕಸವನ್ನು ಸಡಿಲವಾಗಿ ತುಂಬಬೇಕು. ಸಾವಿರದಿಂದ ಸಾವಿರದ ಐನೂರು ಹುಳುಗಳನ್ನು ಸಂಜೆಯ ಹೊತ್ತು ಮೇಲೆ ಹರಡಿದರೆ, ಬೆಳಕನ್ನು ಸಹಿಸದೆ ತಾವೇ ಒಳಕ್ಕೆ ಇಳಿಯುವುವು. ಗೋಣಿಚೀಲವನ್ನು ನೆನೆಸಿ ಹೊದಿಸಬೇಕು. ಖರ್ಚು ಎಂಬುದು ಈ ಹುಳುಗಳದೊಂದೇ. ನೆರೆಯ ರೈತನಲ್ಲಿ ತೊಟ್ಟಿಯಿದ್ದರೆ ಅವನಿಂದ ಎರಡು ಬುಟ್ಟಿ ಹುಳುಸಹಿತವಾದ ಗೊಬ್ಬರವನ್ನು ಬೇಡಿ ತಂದರೆ ಅದೂ ಇಲ್ಲ, ಮೊಟ್ಟೆಗಳೂ ಅದರಲ್ಲಿಯೇ ಬರುವುವು. ಹುಳುಗಳನ್ನು ಬೆಳೆಸಿಕೊಟ್ಟರೆ ಹೆಚ್ಚಿನ ಬೆಲೆಗೆ ತಾವೇ ಕೊಳ್ಳುವೆವೆಂದು ಮುಂಗಡ ಹಣವನ್ನು ಕೇಳುವವರು ಆಗಾಗ್ಗೆ ಗ್ರಾಮಗಳಿಗೆ ಬರುವುದುಂಟು. ಅಂಥವರಿಗೆ ಯಜಮಾನರು ಚಾವಡಿಯಲ್ಲಿ ಮಣೆ ಹಾಕದಿರುವುದು ಲೇಸು.

ಹದವನ್ನು ಪರೀಕ್ಷಿಸಲು ಯಂತ್ರ ಬೇಡ. ಒಂದು ಹಿಡಿಯನ್ನು ಹಿಂಡಿದಾಗ ಎರಡು ಮೂರು ತೊಟ್ಟು ನೀರು ಬಂದರೆ ಸರಿ. ಧಾರೆಯಾಗಿ ಬಂದರೆ ಹೆಚ್ಚು, ಕೈ ಒದ್ದೆಯಾಗದಿದ್ದರೆ ಕಡಮೆ. ಇರುವೆಗಳ ಬಾಧೆ ದೊಡ್ಡದು. ತೊಟ್ಟಿಯ ಸುತ್ತಲೂ ಗೇಣಗಲದ ಕಾಲುವೆಯನ್ನು ತೆಗೆದು ನೀರು ನಿಲ್ಲಿಸಬೇಕು. ಚಪ್ಪರದ ಕಂಬಗಳನ್ನು ಆ ಕಾಲುವೆಯ ಒಳಗಡೆಯೇ ನೆಡದಿದ್ದರೆ, ಇರುವೆಗಳು ಹೊರಗಿನಿಂದ ಕಂಬ ಹತ್ತಿ ಚಪ್ಪರದಿಂದ ಇಳಿಯುವುವು. ಕೋಳಿ, ಇಲಿಗಳು ಕೆದಕದಂತೆ ಹಳೆಯ ತಂತಿಬಲೆಯನ್ನು ಮುಚ್ಚಬಹುದು.

ಆರೆಂಟು ವಾರಗಳಲ್ಲಿ ಕಸವು ಚಹಾಪುಡಿಯಂತೆ ಕಪ್ಪಾಗಿ ಉದುರುದುರಾಗುವುದು. ವಾಸನೆ ಮೊದಲ ಮಳೆಯ ಮಣ್ಣಿನದು. ಆಗ ನಾಲ್ಕೈದು ದಿನ ನೀರನ್ನು ನಿಲ್ಲಿಸಿದರೆ ಹುಳುಗಳು ತೇವವನ್ನರಸಿ ಕೆಳಕ್ಕೆ ಇಳಿಯುವುವು. ಮೇಲಿನ ಗೊಬ್ಬರವನ್ನು ಕೈಯಿಂದಲೇ ಬಾಚಿ, ನೆರಳಿನಲ್ಲಿ ಗೋಪುರವಾಗಿ ಸುರಿದು, ಒಂದು ದಿನದ ಮೇಲೆ ಜರಡಿ ಹಿಡಿಯಬೇಕು. ಗುದ್ದಲಿ ಹಾಕಿದರೆ ಹುಳುಗಳು ತುಂಡಾಗುವುವು. ತುಂಡಾದ ಹುಳು ಎರಡಾಗಿ ಬದುಕುವುದೆಂಬ ಮಾತು ಸುಳ್ಳು.

ಇಷ್ಟು ತೊಟ್ಟಿಯಿಂದ ಒಂದು ಸಲಕ್ಕೆ ಸುಮಾರು ಎರಡು ಕ್ವಿಂಟಾಲ್ ದೊರೆಯಬಹುದು. ಸಾಧಾರಣ ತಿಪ್ಪೆಯ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಪಾಲಿದ್ದರೆ, ಇದರಲ್ಲಿ ಒಂದರಿಂದ ಒಂದೂವರೆ ಪಾಲು ಇರುವುದು. ತಿನ್ನಲು ಕೊಟ್ಟ ಕಸವು ನಿಸ್ಸಾರವಾಗಿದ್ದರೆ ಗೊಬ್ಬರವೂ ಹಾಗೆಯೇ. ಎಕರೆಗೆ ಒಂದು ಟನ್ನಿನಂತೆ ಹಾಕಬೇಕಾದರೆ ಐದು ಸಲದ ಗೊಬ್ಬರ ಬೇಕಾಗುವುದರಿಂದ, ರಾಗಿಯ ಹೊಲಕ್ಕೆಲ್ಲಾ ಇದೊಂದರಿಂದಲೇ ಆಗುವುದೆಂದು ನಾನು ಹೇಳಲಾರೆನು. ಸಸಿಮಡಿಗೆ, ತರಕಾರಿಯ ಪಾತಿಗೆ, ಅಡಕೆ ಗಿಡಕ್ಕೆ 2 ಕಿಲೋ, ತೆಂಗಿನ ಮರಕ್ಕೆ 5 ಕಿಲೋದಂತೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಲು ಮೊದಲು ಉಪಯೋಗಿಸಿ ನೋಡಬೇಕು. ತಳದಲ್ಲಿ ಉಳಿದ ಹುಳುಗಳಿಗೆ ಅಂದೇ ಹೊಸ ಕಸವನ್ನು ಹಾಕತಕ್ಕದ್ದು. ಆದಕಾರಣ ಎರಡನೆಯ ರಾಶಿಯನ್ನು ಮೊದಲನೆಯ ತೊಟ್ಟಿ ಹದಕ್ಕೆ ಬರುವ 20 ದಿನ ಮುಂಚೆಯೇ ಕೂಡಿಹಾಕಿರಬೇಕು.